ಸ್ಟೆಂಟ್ ಹಾಕಿದ ಮೇಲೂ ಮಾಯದ ಮಹಾಪಧಮನಿ: ಯಾರಿಗೆ ಅಪಾಯ ಅಂತ ಮೊದಲೇ ಹೇಳಬಹುದಾ?

2009ರಲ್ಲಿ ಯುರೋಪಿನಿಂದ ಒಂದು ಅಧ್ಯಯನದ ಫಲಿತಾಂಶ ಹೊರಬಂತು. ಅದರ ಹೆಸರು ‘ಇನ್‌ಸ್ಟೆಡ್’. ಮಹಾಪಧಮನಿ, ಅಂದರೆ ಅಯೋರ್ಟಾ, ಒಳಗಿನಿಂದ ಸೀಳಿಕೊಂಡಿದ್ದ 140 ಜನ ಅದರಲ್ಲಿದ್ದರು. ಸೀಳಿ ಎರಡು ವಾರ ದಾಟಿತ್ತು. ತಕ್ಷಣದ ಅಪಾಯ ಯಾರಿಗೂ ಇರಲಿಲ್ಲ. ಸುಮಾರು ಅರ್ಧದಷ್ಟು ಜನಕ್ಕೆ ಬಿಪಿ ಮಾತ್ರೆ ಮಾತ್ರ ಕೊಟ್ಟರು. ಉಳಿದವರಿಗೆ ಮಾತ್ರೆಯ ಜೊತೆಗೆ, ತೊಡೆಸಂದಿನ ರಕ್ತನಾಳದಿಂದ ಒಳಗೆ ಹೋಗಿ, ಬಟ್ಟೆ ಹೊದಿಸಿದ ಸ್ಟೆಂಟ್ ಕೂರಿಸಿದರು. ಎರಡು ವರ್ಷದ ನಂತರ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಶೇ. 91.3ರಷ್ಟು ಜನರ ಎದೆಭಾಗದ ಅಯೋರ್ಟಾ ಮಾಯುವ ಹಾದಿ ಹಿಡಿದಿತ್ತು. ಬರೀ ಮಾತ್ರೆ ತಿಂದವರಲ್ಲಿ ಶೇ. 19.4 ಮಾತ್ರ. ಇಷ್ಟು ನೋಡಿದರೆ ಸ್ಟೆಂಟೇ ಗೆದ್ದಿತು ಅನ್ನಿಸುತ್ತದೆ, ಅಲ್ವಾ? ಆದರೆ ಬದುಕಿ ಉಳಿದವರ ಲೆಕ್ಕ ಬೇರೆ ಹೇಳುತ್ತಿತ್ತು. ಸ್ಟೆಂಟ್ ಗುಂಪಿನಲ್ಲಿ ಶೇ. 88.9, ಮಾತ್ರೆ ಗುಂಪಿನಲ್ಲಿ ಶೇ. 95.6. ಅಷ್ಟು ಕಡಿಮೆ ಜನರಲ್ಲಿ ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದು. ಆದರೂ ಸ್ಟೆಂಟಿನಿಂದ ಜೀವ ಉಳಿಯಿತು ಅನ್ನಲು ಆಧಾರವಂತೂ ಸಿಗಲಿಲ್ಲ.

ಅದೇ ಜನರನ್ನು ವೈದ್ಯರು ಐದು ವರ್ಷದವರೆಗೂ ನೋಡುತ್ತಾ ಹೋದರು. 2013ರ ವರದಿಯಲ್ಲಿ ಚಿತ್ರ ತಿರುಗಿತು. ಅಯೋರ್ಟಾದ ತೊಂದರೆಯಿಂದಲೇ ಸತ್ತವರು ಮಾತ್ರೆ ಗುಂಪಿನಲ್ಲಿ ಶೇ. 19.3, ಸ್ಟೆಂಟ್ ಗುಂಪಿನಲ್ಲಿ ಶೇ. 6.9. ಮಾಯುವುದರ ಲಾಭ ಕೈಗೆ ಬರಲು ಎರಡು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ಆ ವರದಿಯಲ್ಲಿ ಇನ್ನೊಂದು ಸಂಖ್ಯೆ ಇದೆ. ಅದರ ಮೇಲೆ ಕಣ್ಣು ನಿಲ್ಲಿಸುವವರು ಕಡಿಮೆ. ಐದು ವರ್ಷದಲ್ಲಿ ಕಾಯಿಲೆ ಮುಂದುವರಿದವರು ಮಾತ್ರೆ ಗುಂಪಿನಲ್ಲಿ ಶೇ. 46.1, ಸ್ಟೆಂಟ್ ಗುಂಪಿನಲ್ಲಿ ಶೇ. 27. ಅಂದರೆ ಸ್ಟೆಂಟ್ ಹಾಕಿದ ಮೇಲೂ ನೂರಕ್ಕೆ ಇಪ್ಪತ್ತೇಳು ಜನಕ್ಕೆ ತೊಂದರೆ ಬೆಳೆಯುತ್ತಲೇ ಹೋಯಿತು. ಆ ಇಪ್ಪತ್ತೇಳು ಜನ ಯಾರು? ಆಪರೇಷನ್ ಟೇಬಲ್ ಮೇಲೆ ಮಲಗಿಸುವ ಮೊದಲೇ ಅವರನ್ನು ಗುರುತಿಸಬಹುದಿತ್ತಾ? ಈಗ ಹತ್ತಾರು ಸಂಶೋಧನಾ ತಂಡಗಳು, ಅವುಗಳಲ್ಲಿ ಹಲವು ಕೃತಕ ಬುದ್ಧಿಮತ್ತೆ ಹಿಡಿದುಕೊಂಡು, ಈ ಪ್ರಶ್ನೆಯ ಹಿಂದೆ ಬಿದ್ದಿವೆ.

ಮೊದಲು ಒಳಗೆ ಏನಾಗುತ್ತದೆ ಅಂತ ನೋಡೋಣ. ಅಯೋರ್ಟಾ ಹೃದಯದಿಂದ ಹೊರಟು, ಎದೆಯಲ್ಲಿ ಕಮಾನಿನಂತೆ ಬಾಗಿ, ಬೆನ್ನುಮೂಳೆಯ ಪಕ್ಕದಲ್ಲಿ ಹೊಟ್ಟೆಗೆ ಇಳಿಯುತ್ತದೆ. ಅದರ ಗೋಡೆಗೆ ಮೂರು ಪದರ. ವರ್ಷಗಟ್ಟಲೆ ಹತೋಟಿ ಇಲ್ಲದ ಬಿಪಿಯಿಂದಲೋ, ಹುಟ್ಟಿನಿಂದ ಬಂದ ದುರ್ಬಲ ಅಂಗಾಂಶದಿಂದಲೋ ಒಳಪದರದಲ್ಲಿ ಒಂದು ಹರಕು ಬೀಳುತ್ತದೆ. ಕೋಟಿನ ಒಳಗಿನ ಅಸ್ತರು ಒಂದು ಕಡೆ ಕಿತ್ತು, ಕೈ ತೋಳಿಗೆ ಹೋಗುವ ಬದಲು ಬಟ್ಟೆಗೂ ಅಸ್ತರಿಗೂ ನಡುವೆ ನುಗ್ಗಿದ ಹಾಗೆ, ರಕ್ತ ಆ ಹರಕಿನಿಂದ ಗೋಡೆಯೊಳಗೆ ನುಗ್ಗುತ್ತದೆ. ಪದರಗಳನ್ನು ಬಿಡಿಸಿಕೊಂಡು ಕೆಳಗೆ ಇಳಿಯುತ್ತದೆ. ಈಗ ಒಂದೇ ನಾಳದಲ್ಲಿ ಎರಡು ದಾರಿ. ವೈದ್ಯರು ಅವನ್ನು ಟ್ರೂ ಲ್ಯೂಮೆನ್, ಫಾಲ್ಸ್ ಲ್ಯೂಮೆನ್ ಅನ್ನುತ್ತಾರೆ. ನಾನು ಇಲ್ಲಿ ಅಸಲಿ ದಾರಿ, ಕಳ್ಳದಾರಿ ಅನ್ನುತ್ತೇನೆ.

ಸೀಳು ಹೃದಯದ ಪಕ್ಕದ ಮೇಲ್ಮುಖ ಭಾಗದಲ್ಲಿದ್ದರೆ ಅದು ಟೈಪ್ ಎ. ಅಲ್ಲಿ ಎದೆ ತೆರೆದು ತುರ್ತು ಶಸ್ತ್ರಚಿಕಿತ್ಸೆ ಮಾಡಬೇಕು, ತಡಮಾಡುವ ಹಾಗಿಲ್ಲ. ಮೇಲ್ಮುಖ ಭಾಗ ಬಿಟ್ಟು ಮುಂದೆ ಮಾತ್ರ ಸೀಳಿದ್ದರೆ ಟೈಪ್ ಬಿ. 1970ರಲ್ಲಿ ಸ್ಟ್ಯಾನ್‌ಫೋರ್ಡ್‌ನ ವೈದ್ಯರು ಮಾಡಿದ ಈ ವಿಂಗಡಣೆ ಇವತ್ತಿಗೂ ಬಳಕೆಯಲ್ಲಿದೆ. ನಮ್ಮ ಮಾತು ಟೈಪ್ ಬಿ ಬಗ್ಗೆ.

1999ರ ಮೇ ತಿಂಗಳಲ್ಲಿ ಒಂದೇ ವೈದ್ಯಕೀಯ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ವರದಿಗಳು ಬಂದವು. ಒಂದು ಸ್ಟ್ಯಾನ್‌ಫೋರ್ಡ್‌ನ ಮೈಕೆಲ್ ಡೇಕ್ ಮತ್ತು ಸಂಗಡಿಗರದು, ಇನ್ನೊಂದು ಜರ್ಮನಿಯ ಕ್ರಿಸ್ಟೋಫ್ ನೀನಾಬರ್ ಮತ್ತು ಸಂಗಡಿಗರದು. ಎರಡರದ್ದೂ ಉಪಾಯ ಒಂದೇ. ಮೇಲಿನ ಹರಕನ್ನು ಸ್ಟೆಂಟ್ ಗ್ರಾಫ್ಟಿನಿಂದ, ಅಂದರೆ ಬಟ್ಟೆ ಹೊದಿಸಿದ ಸ್ಟೆಂಟಿನಿಂದ, ಮುಚ್ಚು. ಕಳ್ಳದಾರಿಗೆ ರಕ್ತ ನುಗ್ಗುವುದು ನಿಲ್ಲುತ್ತದೆ. ಒಳಗೆ ಉಳಿದ ರಕ್ತ ಹೆಪ್ಪುಗಟ್ಟುತ್ತದೆ, ತಿಂಗಳುಗಳಲ್ಲಿ ಕುಗ್ಗುತ್ತದೆ, ಅಸಲಿ ದಾರಿ ಅಗಲವಾಗುತ್ತದೆ. ಈ ಚಿಕಿತ್ಸೆಯನ್ನೇ ಈಗ ‘ಟೀವಾರ್’ ಅನ್ನುತ್ತಾರೆ. ನಾಳ ಹೀಗೆ ತನ್ನ ಆಕಾರಕ್ಕೆ ಮರಳುವುದನ್ನು ‘ರೀಮಾಡೆಲಿಂಗ್’ ಅನ್ನುತ್ತಾರೆ.

ಮಾಯದಿದ್ದರೆ ಏನು? ಕಳ್ಳದಾರಿಯ ಹೊರಗೋಡೆ ತೆಳ್ಳಗಿನದು. ಮೂರು ಪದರದಲ್ಲಿ ಸ್ವಲ್ಪ ಭಾಗ ಮಾತ್ರ ಅದರ ಪಾಲಿಗೆ ಉಳಿದಿರುತ್ತದೆ. ಪ್ರತಿ ಬಡಿತಕ್ಕೂ ಅದರ ಮೇಲೆ ಪೂರ್ತಿ ಒತ್ತಡ ಬೀಳುತ್ತದೆ. ವರ್ಷ ಕಳೆದಂತೆ ಅದು ಹಿಗ್ಗುತ್ತದೆ. ಇಳಿಯುವ ಅಯೋರ್ಟಾ ಸಾಮಾನ್ಯವಾಗಿ ಸುಮಾರು 2.5 ಸೆಂ.ಮೀ. ಅಗಲ ಇರುತ್ತದೆ. ಅದು 5.5 ಸೆಂ.ಮೀ. ಹತ್ತಿರ ಬಂದರೆ ಒಡೆಯುವ ಭಯ ಶುರು. ಒಡೆದರೆ ಆಸ್ಪತ್ರೆ ಮುಟ್ಟುವವರು ಕಡಿಮೆ. ಇಷ್ಟೆಲ್ಲ ಆಗುವಾಗ ರೋಗಿಗೆ ಬಹುಪಾಲು ಏನೂ ಗೊತ್ತಾಗುವುದಿಲ್ಲ. ನೋವಿಲ್ಲ, ಸುಸ್ತಿಲ್ಲ. ನನ್ನನ್ನು ಜಾಸ್ತಿ ಕಾಡುವುದು ಇದೇ.

ಒಂದು ಸಿಟಿ ಸ್ಕ್ಯಾನ್ ಹತ್ತಿರದಿಂದ ನೋಡಿ. ಎದೆಯ ನಡುಭಾಗದ ಒಂದು ಅಡ್ಡ ಕೊಯ್ತ. ಬೆನ್ನುಮೂಳೆಯ ಎಡಕ್ಕೆ ದುಂಡಗಿನ ಆಕಾರ, ಅದೇ ಅಯೋರ್ಟಾ. ನಡುವೆ ಕೂದಲಿನಷ್ಟು ತೆಳ್ಳಗೆ ಒಂದು ಗೆರೆ, ಅದು ಕಿತ್ತು ಬಂದ ಒಳಪದರ. ಗೆರೆಯ ಒಂದು ಬದಿ ಬೆಳ್ಳಗೆ ಹೊಳೆಯುತ್ತದೆ. ಅದು ಅಸಲಿ ದಾರಿ, ಎಷ್ಟೋ ಸಲ ಇದೇ ಚಿಕ್ಕದು. ಇನ್ನೊಂದು ಬದಿ ದೊಡ್ಡದು, ಸ್ವಲ್ಪ ಮಬ್ಬು, ಯಾಕೆಂದರೆ ಚಿತ್ರದಲ್ಲಿ ರಕ್ತ ಬೆಳ್ಳಗೆ ಕಾಣಲಿ ಅಂತ ಹಾಕುವ ಡೈ ಅಲ್ಲಿಗೆ ತಡವಾಗಿ ತಲುಪುತ್ತದೆ. ಸ್ಟೆಂಟ್ ಹಾಕಿ ಒಂದು ವರ್ಷ ಕಳೆದು ಅದೇ ಮಟ್ಟದಲ್ಲಿ ನೋಡಿದರೆ, ಚೆನ್ನಾಗಿ ಮಾಯ್ದವರಲ್ಲಿ ಬಿಳಿ ದುಂಡು ತುಂಬಿಕೊಂಡಿರುತ್ತದೆ, ಪಕ್ಕದಲ್ಲಿ ಬೂದು ಬಣ್ಣದ ಸಣ್ಣ ಅಂಚು ಉಳಿದಿರುತ್ತದೆ. ಈಗ ಸ್ಕ್ಯಾನ್ ಕೆಳಕ್ಕೆ ಸರಿಸಿ. ವಪೆ ದಾಟಿ ಹೊಟ್ಟೆಗೆ ಬನ್ನಿ. ಸ್ಟೆಂಟ್ ಮುಗಿದಿದೆ. ಮತ್ತೆ ಎರಡು ದಾರಿ. ಗೆರೆ ಹಾಗೇ ಇದೆ. ಒಂದೇ ಮನುಷ್ಯನಲ್ಲಿ ಮೇಲೆ ಮಾಯ್ದಿದೆ, ಕೆಳಗೆ ಮಾಯ್ದಿಲ್ಲ.

ಇದಕ್ಕೆ ಕಾರಣ ಸರಳ. ಹೊಟ್ಟೆಯ ಭಾಗದಲ್ಲಿ ಅಯೋರ್ಟಾದಿಂದ ಜಠರ, ಯಕೃತ್ತು, ಕರುಳು, ಎರಡು ಮೂತ್ರಪಿಂಡಗಳಿಗೆ ಕೊಂಬೆಗಳು ಹೋಗುತ್ತವೆ. ಸೀಳು ಅಲ್ಲಿಗೆ ಬಂದಾಗ ಒಳಪದರ ಆ ಕೊಂಬೆಗಳ ಬಾಯಲ್ಲಿ ಹರಿದುಕೊಳ್ಳುತ್ತದೆ. ಪ್ರತಿ ಹರಕೂ ಕಳ್ಳದಾರಿಗೆ ಒಂದು ಹೊಸ ಬಾಗಿಲು. ಮೇಲಿನ ಬಾಗಿಲು ಮುಚ್ಚಿದರೂ ಈ ಬಾಗಿಲುಗಳಿಂದ ರಕ್ತ ಒಳಗೆ ಬರುತ್ತದೆ, ಕೆಲವೊಮ್ಮೆ ಮೇಲ್ಮುಖವಾಗಿಯೂ ಹರಿಯುತ್ತದೆ. ಬಟ್ಟೆ ಹೊದಿಸಿದ ಸ್ಟೆಂಟನ್ನು ಅಲ್ಲಿಯವರೆಗೆ ಇಳಿಸೋಣ ಅಂದರೆ ಕರುಳಿನ, ಮೂತ್ರಪಿಂಡದ ರಕ್ತವೇ ನಿಂತುಹೋಗುತ್ತದೆ.

ಹಾಗಾಗಿ ಮಾಯುವಿಕೆ ಮುಂದೆ ಹೇಗಿರಬಹುದು ಅಂತ ಅಂದಾಜು ಮಾಡುವಾಗ ಮೊದಲ ಪ್ರಶ್ನೆ ಇದು: ಸ್ಟೆಂಟ್ ಹಾಕಿದ ಮೇಲೆ ಎಷ್ಟು ಬಾಗಿಲು ತೆರೆದೇ ಉಳಿಯುತ್ತವೆ, ಅವು ಎಷ್ಟು ದೊಡ್ಡವು, ಸ್ಟೆಂಟಿನ ತುದಿಗೆ ಎಷ್ಟು ಹತ್ತಿರ? ಕಳ್ಳದಾರಿಯಿಂದಲೇ ಎಷ್ಟು ಕೊಂಬೆಗಳು ಹೊರಟಿವೆ ಅನ್ನುವುದೂ ಮುಖ್ಯ. ಪಕ್ಕೆಲುಬುಗಳ ನಡುವಿನ ಸಣ್ಣ ರಕ್ತನಾಳಗಳು ಕಳ್ಳದಾರಿಗೆ ಅಂಟಿಕೊಂಡಿದ್ದರೆ, ಮೂತ್ರಪಿಂಡದ ನಾಳ ಅದರಿಂದಲೇ ಹೊರಟಿದ್ದರೆ, ಅಲ್ಲಿ ರಕ್ತದ ಓಡಾಟ ನಿಲ್ಲುವುದಿಲ್ಲ. ಓಡಾಟ ಇರುವ ಕಡೆ ರಕ್ತ ಹೆಪ್ಪುಗಟ್ಟುವುದಿಲ್ಲ. ‘ಆಡ್ಸಾರ್ಬ್’ ಅನ್ನುವ ಅಧ್ಯಯನದಲ್ಲಿ ಸೀಳಿದ 14 ದಿನದೊಳಗೆ ಚಿಕಿತ್ಸೆ ಶುರುವಾದ 61 ಜನ ಇದ್ದರು. ಒಂದು ವರ್ಷದ ನಂತರ ಕಳ್ಳದಾರಿ ಪೂರ್ತಿ ಹೆಪ್ಪುಗಟ್ಟದೆ ಉಳಿದವರು ಮಾತ್ರೆ ಗುಂಪಿನಲ್ಲಿ ಶೇ. 97. ಸ್ಟೆಂಟ್ ಗುಂಪಿನಲ್ಲೂ ಶೇ. 43.

ಎರಡನೆಯದು ಕಾಲ. ಸೀಳಿದ ಮೊದಲ ವಾರಗಳಲ್ಲಿ ಕಿತ್ತು ಬಂದ ಒಳಪದರ ತೆಳ್ಳಗೆ, ಮೆತ್ತಗೆ ಇರುತ್ತದೆ. ಸ್ಟೆಂಟ್ ತಳ್ಳಿದರೆ ಗೋಡೆಗೆ ಹೋಗಿ ಅಂಟುತ್ತದೆ. ತಿಂಗಳುಗಳು ಕಳೆದರೆ ದಪ್ಪವಾಗಿ, ಗಡುಸಾಗಿ, ನೇರ ಗೆರೆಯಾಗಿ ನಿಂತುಬಿಡುತ್ತದೆ. ಆಗ ಸ್ಟೆಂಟಿಗೆ ಅದನ್ನು ಸರಿಸುವ ಶಕ್ತಿ ಇರುವುದಿಲ್ಲ. ‘ವರ್ಚ್ಯೂ’ ಅನ್ನುವ ಯುರೋಪಿನ ದಾಖಲೆಯಲ್ಲಿ 100 ರೋಗಿಗಳಿದ್ದರು. ಹೊಸ ಸೀಳಿನವರಲ್ಲೂ, ಸೀಳಿ ಕೆಲವು ವಾರ ಕಳೆದವರಲ್ಲೂ ನಾಳ ಚೆನ್ನಾಗಿ ಮರಳಿತು. ಹಳೇ ಸೀಳಿನವರಲ್ಲಿ ಅಷ್ಟು ಮರಳಲಿಲ್ಲ. ಹಾಗಂತ ಮೊದಲ ದಿನವೇ ಓಡಿಹೋಗಿ ಹಾಕುವ ಹಾಗೂ ಇಲ್ಲ. ಹಸಿ ಗೋಡೆ ಸೂಕ್ಷ್ಮ. ಸ್ಟೆಂಟಿನ ಮೇಲ್ತುದಿಯಿಂದ ಸೀಳು ಹಿಂದಕ್ಕೆ ಹೃದಯದ ಕಡೆ ಹೋಗಿ ಟೈಪ್ ಎ ಆಗಿಬಿಡಬಹುದು. ಅದು ಅಪರೂಪ, ಆದರೆ ಭೀಕರ. ಹೀಗಾಗಿ ತುರ್ತು ಇಲ್ಲದವರಲ್ಲಿ 15ನೇ ದಿನದಿಂದ 90ನೇ ದಿನದ ನಡುವೆ ಹಾಕುವುದು ಒಳ್ಳೆಯದು ಅನ್ನುವ ಅಭಿಪ್ರಾಯ ವೈದ್ಯರಲ್ಲಿ ಬಲವಾಗುತ್ತಿದೆ.

ಮೂರನೆಯದು ಅರ್ಧಂಬರ್ಧ ಹೆಪ್ಪು. ಕೇಳಿದ ಕೂಡಲೇ ಇದು ತಿರುಗಾಮುರುಗಾ ಅನ್ನಿಸುತ್ತದೆ. ಹೆಪ್ಪುಗಟ್ಟುವುದು ಒಳ್ಳೆಯದು ತಾನೇ? ಅರ್ಧ ಆದರೆ ಅರ್ಧ ಒಳ್ಳೆಯದು ಆಗಬೇಕಲ್ಲ? 1996ರಿಂದ ಹಲವು ದೇಶಗಳ ಆಸ್ಪತ್ರೆಗಳು ಸೇರಿ ನಡೆಸುತ್ತಿರುವ ‘ಐರಾಡ್’ ಎಂಬ ನೋಂದಣಿಯಿಂದ 2007ರಲ್ಲಿ ಬಂದ ಲೆಕ್ಕ ನೋಡಿ. ಆಸ್ಪತ್ರೆಯಿಂದ ಮನೆಗೆ ಹೋದ 201 ಟೈಪ್ ಬಿ ರೋಗಿಗಳಲ್ಲಿ, ಕಳ್ಳದಾರಿ ಪೂರ್ತಿ ತೆರೆದಿದ್ದವರಲ್ಲಿ ಮೂರು ವರ್ಷದೊಳಗೆ ಸಾವು ಶೇ. 13.7. ಭಾಗಶಃ ಹೆಪ್ಪುಗಟ್ಟಿದ್ದವರಲ್ಲಿ ಶೇ. 31.6. ಕಾರಣದ ಬಗ್ಗೆ ಸಂಶೋಧಕರ ಊಹೆ ಹೀಗಿದೆ. ಹೆಪ್ಪು ಹೊರಹೋಗುವ ಬಾಗಿಲುಗಳನ್ನು ಮುಚ್ಚಿ, ಒಳಬರುವ ಬಾಗಿಲನ್ನು ಮಾತ್ರ ಬಿಟ್ಟರೆ, ರಕ್ತ ಒಳಗೆ ಸಿಕ್ಕಿಬೀಳುತ್ತದೆ, ಒತ್ತಡ ಏರುತ್ತದೆ. ಎಲ್ಲ ಅಧ್ಯಯನಗಳೂ ಇದನ್ನು ಒಂದೇ ದನಿಯಲ್ಲಿ ಒಪ್ಪಿಲ್ಲ. ಆದರೂ ಸ್ಕ್ಯಾನ್ ವರದಿಯಲ್ಲಿ ‘ಭಾಗಶಃ ಹೆಪ್ಪು’ ಅಂತ ಕಂಡರೆ ಅದನ್ನು ಸುಮ್ನೆ ಸಮಾಧಾನದ ಮಾತು ಅಂದುಕೊಳ್ಳಬಾರದು.

ಆರಂಭದ ಅಳತೆಯೂ ಲೆಕ್ಕಕ್ಕೆ ಬರುತ್ತದೆ. ಸೀಳಿದ ಹೊತ್ತಿಗೇ ಅಯೋರ್ಟಾ 4 ಸೆಂ.ಮೀ. ದಾಟಿದ್ದರೆ, ಕಳ್ಳದಾರಿಯೇ 22 ಮಿ.ಮೀ. ಅಥವಾ ಹೆಚ್ಚು ಅಗಲ ಇದ್ದರೆ, ಮೊದಲ ಹರಕು 10 ಮಿ.ಮೀ. ಮೀರಿದ್ದರೆ ಮುಂದೆ ಹಿಗ್ಗುವ ಸಾಧ್ಯತೆ ಜಾಸ್ತಿ ಅಂತ ಬೇರೆ ಬೇರೆ ಅಧ್ಯಯನಗಳು ಹೇಳಿವೆ. ಮಾರ್ಫನ್ ಕಾಯಿಲೆಯಂಥ ಆನುವಂಶಿಕ ತೊಂದರೆ ಇರುವವರಲ್ಲಿ ಗೋಡೆಯೇ ದುರ್ಬಲ, ಅವರ ಲೆಕ್ಕವೇ ಬೇರೆ.

ಇಷ್ಟು ಹೊತ್ತು ಹೇಳಿದ್ದೆಲ್ಲ ರೋಗಿಯ ದೇಹದ್ದು. ಸ್ಟೆಂಟ್ ಹಾಕುವ ಕೈಯದೂ ಒಂದು ಪಾಲಿದೆ. ಉದಾಹರಣೆಗೆ, ಮೇಲೆ ಸೀಳಿಲ್ಲದ ಭಾಗದಲ್ಲಿ ನಾಳ 30 ಮಿ.ಮೀ. ಅಗಲ ಇದೆ ಅಂದುಕೊಳ್ಳಿ. ಅಲ್ಲಿ ಬಿಗಿಯಾಗಿ ಕೂರಲಿ ಅಂತ 32 ಮಿ.ಮೀ. ಸ್ಟೆಂಟ್ ಆರಿಸುತ್ತಾರೆ. ಆದರೆ ಕೆಳತುದಿ ಬರುವ ಕಡೆ ಅಸಲಿ ದಾರಿ 20 ಮಿ.ಮೀ.ಗೆ ಕುಗ್ಗಿದೆ. ಮೇಲಿಂದ ಕೆಳಗಿನವರೆಗೂ ಒಂದೇ ಅಳತೆಯ ಸ್ಟೆಂಟ್ ಹಾಕಿದರೆ, ಕೆಳಗೆ ಅದು ಜಾಗಕ್ಕಿಂತ ಶೇ. 60ರಷ್ಟು ದೊಡ್ಡದು. ಪ್ರತಿ ಬಡಿತಕ್ಕೂ ಅದರ ಲೋಹದ ತುದಿ ಒಳಪದರವನ್ನು ಒತ್ತುತ್ತದೆ, ತಿಂಗಳುಗಳ ನಂತರ ಅಲ್ಲಿ ಹೊಸ ಹರಕು ಬೀಳಬಹುದು. ವೈದ್ಯರು ಇದಕ್ಕೆ ‘ಸೈನ್’ ಅನ್ನುತ್ತಾರೆ. ಅದಕ್ಕೇ ಕೆಳಕ್ಕೆ ಬಂದಂತೆ ಸಣ್ಣದಾಗುವ ಸ್ಟೆಂಟ್ ಆರಿಸುವುದು, ಬೇಕಿದ್ದರೆ ಕೆಳಗೆ ಚಿಕ್ಕದನ್ನು ಮೊದಲು ಕೂರಿಸುವುದು ಈಗಿನ ರೂಢಿ. ಉದ್ದದ ಲೆಕ್ಕವೂ ಕಷ್ಟದ್ದೇ. ಉದ್ದ ಮುಚ್ಚಿದಷ್ಟೂ ಎದೆಭಾಗ ಚೆನ್ನಾಗಿ ಮಾಯುತ್ತದೆ. ಆದರೆ ಬೆನ್ನುಹುರಿಗೆ ರಕ್ತ ಕೊಡುವ ಸಣ್ಣ ನಾಳಗಳೂ ಅಲ್ಲೇ ಹೊರಡುತ್ತವೆ. ಅವನ್ನು ಮುಚ್ಚಿದರೆ ಕಾಲುಗಳ ಶಕ್ತಿ ಹೋಗುವ ಅಪಾಯ. ರೋಗಿಯ ಕಾಲು ಉಳಿಸಲು ಸ್ಟೆಂಟ್ ಗಿಡ್ಡ ಇಟ್ಟ ವೈದ್ಯರನ್ನು ‘ಪೂರ್ತಿ ಮಾಯಲಿಲ್ಲ’ ಅಂತ ದೂರುವ ಹಾಗಿಲ್ಲ.

ಹೀಗೆ ಕಾರಣಗಳ ಪಟ್ಟಿ ಸಾಕಷ್ಟು ಗೊತ್ತಿದೆ. ಅವನ್ನೆಲ್ಲ ಕೂಡಿಸಿ ಒಬ್ಬ ರೋಗಿಗೆ ಒಂದು ಅಂಕ ಕೊಡಲು ಆಗುತ್ತದಾ? ಹೊಸ ಸಂಶೋಧನೆಗಳ ಪ್ರಯತ್ನ ಅದೇ. ಕೆಲವರು ಹಳೇ ಕ್ರಮದಲ್ಲಿ ನಾಲ್ಕೈದು ಅಂಶ ತೆಗೆದುಕೊಂಡು ಸ್ಕೋರ್ ಮಾಡುತ್ತಾರೆ. ಕೆಲವರು ಸ್ಕ್ಯಾನಿನ ಚಿತ್ರದಿಂದ ಕಂಪ್ಯೂಟರ್ ಮೂಲಕ ನೂರಾರು ಲಕ್ಷಣ ತೆಗೆಯುತ್ತಾರೆ, ಕಣ್ಣಿಗೆ ಕಾಣದ ಬಣ್ಣದ ಏರಿಳಿತಗಳನ್ನೂ ಬಿಡದೆ. ಇನ್ನು ಕೆಲವರು ಒಬ್ಬೊಬ್ಬ ರೋಗಿಯ ಅಯೋರ್ಟಾದ ಮಾದರಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿ, ರಕ್ತ ಎಲ್ಲಿ ಸುಳಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಗೋಡೆ ಉಜ್ಜುತ್ತದೆ ಅಂತ ಲೆಕ್ಕ ಹಾಕುತ್ತಾರೆ.

ಇಂಥ ಪ್ರಬಂಧ ಓದುವಾಗ ನಾನು ಮೊದಲು ಹುಡುಕುವುದು ಒಂದು ವಿಷಯ: ಈ ಅಂಕ ಯಾವಾಗ ಸಿಗುತ್ತದೆ? ಆಪರೇಷನ್ನಿಗೆ ಮೊದಲಾ, ಆಮೇಲಾ? ಎರಡರ ಉಪಯೋಗ ಬೇರೆ ಬೇರೆ. ಮೊದಲೇ ಸಿಕ್ಕರೆ ಏನು ಮಾಡಬೇಕು ಅನ್ನುವ ತೀರ್ಮಾನವೇ ಬದಲಾಗಬಹುದು. ಬಟ್ಟೆಯ ಸ್ಟೆಂಟಿನ ಕೆಳಗೆ ಬಟ್ಟೆ ಇಲ್ಲದ ಜಾಲರಿ ಸ್ಟೆಂಟ್ ಸೇರಿಸಿ ಅಸಲಿ ದಾರಿಯನ್ನು ಹೊಟ್ಟೆಯವರೆಗೂ ಎತ್ತಿ ಹಿಡಿಯುವ ‘ಪೆಟಿಕೋಟ್’ ವಿಧಾನ ಇದೆ. ಆ ಜಾಲರಿಯೊಳಗೆ ಬಲೂನ್ ಉಬ್ಬಿಸಿ ಒಳಪದರವನ್ನು ಗೋಡೆಗೆ ಒತ್ತುವ ಇನ್ನೂ ಮುಂದಿನ ವಿಧಾನವೂ ಇದೆ. ಇವು ಎಲ್ಲರಿಗೂ ಬೇಡ, ಖರ್ಚೂ ಹೆಚ್ಚು, ಅಪಾಯವೂ ಇದೆ. ಯಾರಿಗೆ ಬೇಕು ಅಂತ ಮೊದಲೇ ತಿಳಿದರೆ ದೊಡ್ಡ ಉಪಕಾರ. ಆಮೇಲೆ ಸಿಗುವ ಅಂಕ ಬೇರೆ ಕೆಲಸಕ್ಕೆ ಬರುತ್ತದೆ. ಯಾರು ಆರು ತಿಂಗಳಿಗೇ ಬರಬೇಕು, ಯಾರು ವರ್ಷಕ್ಕೊಮ್ಮೆ ಬಂದರೆ ಸಾಕು, ಯಾರಿಗೆ ಕಳ್ಳದಾರಿಯನ್ನೇ ಬಿರಡೆ ಹಾಕಿ ಮುಚ್ಚುವ ಎರಡನೇ ಚಿಕಿತ್ಸೆಯ ತಯಾರಿ ಮಾಡಬೇಕು ಅನ್ನುವುದಕ್ಕೆ. ಒಂದು ತಿಂಗಳ ಸ್ಕ್ಯಾನ್ ನೋಡಿ ಒಂದು ವರ್ಷದ ಸ್ಥಿತಿ ಹೇಳುವುದು ಸುಲಭ. ಆಪರೇಷನ್ನಿಗೆ ಮೊದಲು ಹೇಳುವುದು ಕಷ್ಟ. ಸುಲಭದ ಕೆಲಸ ಮಾಡಿ ಕಷ್ಟದ ಕೆಲಸದ ಹೆಸರು ತೆಗೆದುಕೊಳ್ಳುವುದು ಆಗಬಾರದು.

ಎರಡನೇ ವಿಷಯ, ‘ಸರಿಯಾಗಿ ಮಾಯಲಿಲ್ಲ’ ಅಂದರೆ ಏನು? ಒಬ್ಬರು ಅಗಲ ಅಳೆಯುತ್ತಾರೆ, ಇನ್ನೊಬ್ಬರು ಘನಗಾತ್ರ. ಒಬ್ಬರು ಎದೆಭಾಗ ಮಾತ್ರ ನೋಡುತ್ತಾರೆ, ಇನ್ನೊಬ್ಬರು ಹೊಟ್ಟೆಯನ್ನೂ. ಒಬ್ಬರದು ಆರು ತಿಂಗಳು, ಇನ್ನೊಬ್ಬರದು ಮೂರು ವರ್ಷ. ಎದೆಭಾಗವನ್ನಷ್ಟೇ ನೋಡಿದವರ ಫಲಿತಾಂಶ ಸಹಜವಾಗಿ ಚೆನ್ನಾಗಿರುತ್ತದೆ. ಹೀಗೆ ಅಂಕ ಕೊಡುವ ಎರಡು ಲೆಕ್ಕದ ಮಾದರಿಗಳನ್ನು ಪಕ್ಕಪಕ್ಕ ಇಟ್ಟು ಯಾವುದು ಮೇಲು ಅನ್ನುವುದೇ ಕಷ್ಟ. ಅಳತೆಯ ದೋಷ ಬೇರೆ. ಬಾಗಿದ ನಾಳವನ್ನು ಸ್ವಲ್ಪ ಓರೆಯಾಗಿ ಕೊಯ್ದು ಅಳೆದರೆ ಕೆಲವು ಮಿ.ಮೀ. ಹೆಚ್ಚು ಬರುತ್ತದೆ. ಹೋದ ವರ್ಷ 41, ಈ ವರ್ಷ 43 ಅಂದರೆ ನಾಳ ಹಿಗ್ಗಿದೆ ಅಂತಲೇ ಅರ್ಥವಲ್ಲ. ಕೃತಕ ಬುದ್ಧಿಮತ್ತೆಯಿಂದ ಈಗಲೇ ಸಿಗಬಹುದಾದ ನಿಜವಾದ ಲಾಭ ನನಗೆ ಕಾಣುವುದು ಇಲ್ಲಿ. ಭವಿಷ್ಯ ಹೇಳುವ ಮಾತು ಹಾಗಿರಲಿ. ಎರಡು ದಾರಿಗಳ ಗಡಿಯನ್ನು ಪ್ರತಿ ಸ್ಕ್ಯಾನಿನಲ್ಲೂ ಒಂದೇ ಕ್ರಮದಲ್ಲಿ ಗುರುತಿಸಿ, ಘನಗಾತ್ರ ಅಳೆದು ಕೊಟ್ಟರೆ, ತಜ್ಞರಿಗೆ ಬಹಳ ಹೊತ್ತು ಹಿಡಿಯುವ ಕೆಲಸ ಬೇಗ ಮುಗಿಯುತ್ತದೆ.

ಮೂರನೆಯದು ಸಂಖ್ಯೆಯ ಬಡತನ. ಈ ಕಾಯಿಲೆ ಅಪರೂಪ. ಒಂದು ದೊಡ್ಡ ಆಸ್ಪತ್ರೆ ಹಲವು ವರ್ಷದ ದಾಖಲೆ ತೆಗೆದರೂ ಕೆಲವು ನೂರು ರೋಗಿಗಳು ಸಿಕ್ಕಾರು. ಅಂದುಕೊಳ್ಳಿ, 150 ಜನ, ಅವರಲ್ಲಿ 40 ಜನಕ್ಕೆ ಸರಿಯಾಗಿ ಮಾಯಲಿಲ್ಲ. ಆ 40 ಜನರನ್ನು ಗುರುತಿಸಲು ಕಂಪ್ಯೂಟರಿಗೆ ನೂರಾರು ಲಕ್ಷಣ ಕೊಟ್ಟರೆ, ಅದು ಆ ಆಸ್ಪತ್ರೆಯ ರೋಗಿಗಳನ್ನೇ ಬಾಯಿಪಾಠ ಮಾಡಿಬಿಡುತ್ತದೆ. ತನ್ನ ಮನೆಯಲ್ಲಿ ಪಾಸು, ಬೇರೆ ಆಸ್ಪತ್ರೆಯ ಸ್ಕ್ಯಾನ್ ಕೊಟ್ಟರೆ ಫೇಲು. ಸ್ಕ್ಯಾನ್ ಯಂತ್ರ ಬದಲಾದರೆ, ಡೈ ಹಾಕಿದ ಮೇಲೆ ಚಿತ್ರ ತೆಗೆದ ಹೊತ್ತು ಸ್ವಲ್ಪ ಬದಲಾದರೆ, ಆ ಸೂಕ್ಷ್ಮ ಲಕ್ಷಣಗಳೂ ಬದಲಾಗುತ್ತವೆ. ಬೇರೆ ಊರಿನ, ಬೇರೆ ಆಸ್ಪತ್ರೆಯ ರೋಗಿಗಳ ಮೇಲೆ ಪರೀಕ್ಷೆ ಆಗದ ಮಾದರಿಯನ್ನು ರೋಗಿಯ ಮುಂದೆ ಇಡಬಾರದು. ಮಾದರಿ ‘ನೂರಕ್ಕೆ 30’ ಅಂದರೆ ನಿಜಕ್ಕೂ ಅಂಥ ನೂರು ಜನರಲ್ಲಿ ಸುಮಾರು 30 ಜನಕ್ಕೆ ಹಾಗಾಗಬೇಕು. ಈ ತಾಳೆಯನ್ನು ನೋಡದೆ, ಯಾರು ಮೇಲೆ ಯಾರು ಕೆಳಗೆ ಅಂತ ಸಾಲು ಮಾಡುವ ಅಂಕವನ್ನಷ್ಟೇ ತೋರಿಸಿದರೆ ಅರ್ಧ ಕೆಲಸ ಮಾತ್ರ ಆದಂತೆ.

ನಾಲ್ಕನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ಮಾಯ್ದಿದೆಯಾ ಇಲ್ಲವಾ ಅಂತ ಹೇಳಲು ಒಂದು ವರ್ಷದ ನಂತರದ ಸ್ಕ್ಯಾನ್ ಬೇಕು. ಹಳೇ ದಾಖಲೆಗಳಿಂದ ಮಾಡುವ ಅಧ್ಯಯನದಲ್ಲಿ ಆ ಸ್ಕ್ಯಾನ್ ಇಲ್ಲದವರನ್ನು ಸಾಮಾನ್ಯವಾಗಿ ಕೈಬಿಡುತ್ತಾರೆ. ಪ್ರಬಂಧದ ಮೊದಲ ಚಿತ್ರದಲ್ಲಿ ಒಂದು ಪುಟ್ಟ ಚೌಕ ಇರುತ್ತದೆ, ‘ಮುಂದಿನ ಸ್ಕ್ಯಾನ್ ಲಭ್ಯವಿಲ್ಲ, ಹೊರಗಿಡಲಾಗಿದೆ’ ಅಂತ. ಆ ಚೌಕದಲ್ಲಿ ಯಾರಿದ್ದಾರೆ? ಕೆಲವರು ಆರಾಮಾಗಿದ್ದು ಬರದವರು. ಕೆಲವರು ದುಡ್ಡಿಲ್ಲದೆ ಬರದವರು. ಕೆಲವರು ಮನೆಯಲ್ಲೇ ಅಯೋರ್ಟಾ ಒಡೆದು ಸತ್ತವರು. ಕೊನೆಯವರೇ ಮಾದರಿ ಗುರುತಿಸಬೇಕಾದ ಜನ. ಅವರನ್ನು ಬಿಟ್ಟು ಕಲಿತ ಮಾದರಿ, ತಪ್ಪದೆ ಚೆಕಪ್ಪಿಗೆ ಬರುವವರ ಬಗ್ಗೆ ಮಾತ್ರ ಚೆನ್ನಾಗಿ ಹೇಳಬಲ್ಲದು. ಬರದವರಿಗೆ ಅದರಿಂದ ಏನು ಬಂತು?

ಇಲ್ಲಿಂದ ವಿಷಯ ನಮ್ಮ ಊರಿಗೆ ಬರುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಶೇ. 24, ಹೆಂಗಸರಲ್ಲಿ ಶೇ. 21ರಷ್ಟು ಜನರಿಗೆ ಬಿಪಿ ಜಾಸ್ತಿ ಇದೆ ಅಥವಾ ಅದಕ್ಕೆ ಮಾತ್ರೆ ನಡೆಯುತ್ತಿದೆ. ಅಯೋರ್ಟಾ ಹೀಗೆ ಸೀಳುವುದಕ್ಕೆ ಅತಿ ಸಾಮಾನ್ಯ ಕಾರಣ ಅದೇ. ಸ್ಟೆಂಟ್ ಗ್ರಾಫ್ಟಿನ ಬೆಲೆ ಲಕ್ಷಗಳಲ್ಲಿ. ಆ ದುಡ್ಡು ಹೇಗೋ ಹೊಂದಿಸುತ್ತಾರೆ. ಯೋಜನೆಯೋ, ಸಾಲವೋ, ಅಣ್ಣತಮ್ಮಂದಿರು ಕೈಸೇರಿಸಿಯೋ. ಆಪರೇಷನ್ ಆಗುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿರುತ್ತದೆ, ಒಂದು ತಿಂಗಳಿಗೆ, ಆರು ತಿಂಗಳಿಗೆ, ಹನ್ನೆರಡು ತಿಂಗಳಿಗೆ ಸಿಟಿ ಆಂಜಿಯೋ, ಆಮೇಲೆ ವರ್ಷವರ್ಷವೂ. ಮನೆಯವರು ಕೇಳುತ್ತಾರೆ: “ಆಪರೇಷನ್ ಚೆನ್ನಾಗಾಯ್ತು ಅಂದ್ರಲ್ಲ ಡಾಕ್ಟ್ರೇ, ನೋವೂ ಇಲ್ಲ, ಮತ್ಯಾಕೆ ಸ್ಕ್ಯಾನು?” ನ್ಯಾಯವಾದ ಪ್ರಶ್ನೆ. ಬೀದರಿನ ಹಳ್ಳಿಯಿಂದಲೋ, ಚಾಮರಾಜನಗರದ ಕಾಡಂಚಿನಿಂದಲೋ ದೊಡ್ಡ ಊರಿಗೆ ಬಂದು ಹೋಗುವುದು ಅಂದರೆ ಇಬ್ಬರ ಕೂಲಿ ಹೋಯಿತು, ಬಸ್ಸು, ಊಟ, ಸ್ಕ್ಯಾನಿನ ಖರ್ಚು. ಮೂತ್ರಪಿಂಡ ಸೋತವರಿಗೆ ಡೈ ಹಾಕಿದರೆ ಏನಾಗುವುದೋ ಅನ್ನುವ ಭಯ ಬೇರೆ.

ಇಂಥವರಿಗೆ ಒಳ್ಳೆಯ ಮುನ್ಸೂಚನೆ ಬಹಳ ಬೆಲೆಯುಳ್ಳದ್ದು. ಎಲ್ಲರಿಗೂ ಒಂದೇ ವೇಳಾಪಟ್ಟಿ ಕೊಟ್ಟು ಯಾರೂ ಬಾರದಿರುವ ಬದಲು, ‘ನಿಮ್ಮ ನಾಳದಲ್ಲಿ ಕೆಳಗೆ ಮೂರು ದೊಡ್ಡ ಹರಕು ಉಳಿದಿವೆ, ನೀವು ಆರು ತಿಂಗಳಿಗೆ ಬರಲೇಬೇಕು’ ಅಂತ ಒಬ್ಬರಿಗೆ ಗಟ್ಟಿಯಾಗಿ ಹೇಳಬಹುದು. ಅಪಾಯ ಕಡಿಮೆ ಇರುವ ಇನ್ನೊಬ್ಬರಿಗೆ, ಸ್ಕ್ಯಾನ್ ತಮ್ಮ ಜಿಲ್ಲೆಯಲ್ಲೇ ಮಾಡಿಸಿ ಚಿತ್ರ ಕಳಿಸಿದರೆ ಸಾಕು ಅನ್ನಬಹುದು. ಮಾದರಿಯ ಗುಣವನ್ನು ನಾನು ಅಳೆಯುವುದು ಹೀಗೆ: ಅದರಿಂದ ಬರಬೇಕಾದವರು ಬಂದರಾ? ಪ್ರಬಂಧದಲ್ಲಿ ಅದರ ಸಾಲು ಮಾಡುವ ಅಂಕ ಒಂದಕ್ಕೆ 0.85 ಇದೆಯೋ 0.90 ಇದೆಯೋ ಅನ್ನುವುದು ಆಮೇಲಿನ ಮಾತು.

ಯಾವ ಸ್ಕೋರಿನಲ್ಲೂ ದೊಡ್ಡದಾಗಿ ಕಾಣದ, ಆದರೆ ರೋಗಿಯ ಕೈಯಲ್ಲೇ ಇರುವ ಸಂಗತಿಗಳೂ ಇವೆ. ಬಿಪಿ ಮಾತ್ರೆ ನಿಲ್ಲಿಸದಿರುವುದು ಮೊದಲನೆಯದು. ಸ್ಟೆಂಟ್ ಹಾಕಿದ ಮೇಲೂ ಹೊಟ್ಟೆಯ ಕಳ್ಳದಾರಿಯ ಗೋಡೆಯನ್ನು ಕಾಯುವುದು ಆ ಮಾತ್ರೆಯೇ. ಬೀಡಿ ಸಿಗರೇಟು ಬಿಡುವುದು. ಇನ್ನೊಂದು ಬಹಳ ಜನಕ್ಕೆ ಗೊತ್ತಿಲ್ಲ. ಸಿಪ್ರೊಫ್ಲಾಕ್ಸಸಿನ್, ಲೀವೊಫ್ಲಾಕ್ಸಸಿನ್ ಗುಂಪಿನ ಆಂಟಿಬಯಾಟಿಕ್‌ಗಳಿಂದ ಅಯೋರ್ಟಾ ಸೀಳುವ, ಒಡೆಯುವ ಅಪಾಯ ಹೆಚ್ಚಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರಿನಲ್ಲಿ ಎಚ್ಚರಿಸಿದೆ. ಬೇರೆ ಔಷಧಿ ಇರುವಾಗ ಅಯೋರ್ಟಾದ ತೊಂದರೆ ಇರುವವರಿಗೆ ಇವನ್ನು ಕೊಡಬೇಡಿ ಅನ್ನುತ್ತದೆ. ನಮ್ಮಲ್ಲಿ ಉರಿಮೂತ್ರಕ್ಕೂ, ಭೇದಿಗೂ ಇವು ಮೆಡಿಕಲ್ ಶಾಪಿನಲ್ಲಿ ಸಲೀಸಾಗಿ ಸಿಗುತ್ತವೆ. ‘ನನಗೆ ಅಯೋರ್ಟಾ ಸ್ಟೆಂಟ್ ಹಾಕಿದೆ’ ಅಂತ ಅಲ್ಲಿ ಹೇಳುವ ಅಭ್ಯಾಸ ಇರಬೇಕು.

ತೊಂದರೆ ಇಲ್ಲದ ಟೈಪ್ ಬಿ ರೋಗಿಗಳಿಗೆ ಬೇಗ ಸ್ಟೆಂಟ್ ಹಾಕುವುದು ಒಳ್ಳೆಯದಾ, ಮಾತ್ರೆಯಲ್ಲೇ ಕಾಯುವುದು ಒಳ್ಳೆಯದಾ ಅಂತ ತಿಳಿಯಲು ಅಮೆರಿಕದಲ್ಲಿ ‘ಇಂಪ್ರೂವ್-ಎಡಿ’, ಸ್ಕ್ಯಾಂಡಿನೇವಿಯಾದಲ್ಲಿ ‘ಸಂಡೇ’, ಬ್ರಿಟನ್ನಿನಲ್ಲಿ ‘ಅರ್ನೆಸ್ಟ್’ ಎಂಬ ದೊಡ್ಡ ಪ್ರಯೋಗಗಳನ್ನು ಕೈಗೆತ್ತಿಕೊಂಡಿದ್ದಾರೆ. ಇಂಥ ಪ್ರಯೋಗಗಳಲ್ಲಿ ಸತ್ತವರನ್ನೂ, ಬರದವರನ್ನೂ ಮೊದಲೇ ಲೆಕ್ಕದೊಳಗೆ ಇಟ್ಟಿರುತ್ತಾರೆ. ಹಾಗಾಗಿ ಅಲ್ಲಿಂದ ಬರುವ ಸ್ಕ್ಯಾನ್‌ಗಳ ಮೇಲೆ ಕಟ್ಟುವ ಮಾದರಿ ಹಳೇ ಕಡತಗಳಿಂದ ಕಟ್ಟಿದ್ದಕ್ಕಿಂತ ಗಟ್ಟಿಯಾಗಿರುತ್ತದೆ. ಆದರೆ ಆ ಲೆಕ್ಕದಲ್ಲಿ ನಮ್ಮವರು ಇರುವುದಿಲ್ಲ. ಟೀವಾರ್ ಮಾಡುವ ನಮ್ಮ ಆಸ್ಪತ್ರೆಗಳು ಒಂದೇ ನಮೂನೆಯಲ್ಲಿ ಕೆಲವೇ ವಿವರ ಬರೆದಿಡಲು ಶುರುಮಾಡಲಿ: ಸೀಳಿ ಎಷ್ಟು ದಿನಕ್ಕೆ ಸ್ಟೆಂಟ್ ಹಾಕಿದ್ದು, ಮೇಲೆ ಕೆಳಗೆ ಯಾವ ಅಳತೆಯದು, ಕೆಳಗೆ ಉಳಿದ ಹರಕುಗಳೆಷ್ಟು, ಕಳ್ಳದಾರಿಯಿಂದ ಹೊರಟ ಕೊಂಬೆಗಳು ಯಾವುವು, ಒಂದು ತಿಂಗಳಿಗೆ ಹೆಪ್ಪು ಎಷ್ಟು. ಅದರ ಒಂದು ಪ್ರತಿ, ಸ್ಕ್ಯಾನಿನ ಸಿಡಿಯ ಜೊತೆ, ರೋಗಿಯ ಕೈಗೆ ಕೊಡಲಿ. ಮುಂದಿನ ಸ್ಕ್ಯಾನ್ ಯಾವ ತಿಂಗಳು ಅನ್ನುವುದನ್ನು ಕನ್ನಡದಲ್ಲಿ ಬರೆಯಲಿ. ಆ ತಿಂಗಳು ರೋಗಿ ಬರದಿದ್ದರೆ ಆಸ್ಪತ್ರೆಯಿಂದಲೇ ಒಂದು ಫೋನ್ ಹೋಗಲಿ.